ಅಳಿವೆ ಊರಿನ ಚರಿತ್ರೆಯನ್ನು ನಾನು ಬರೆದ ಬಗೆ

ಅಘನಾಶಿನಿ ಹೊಳೆ ಸಮುದ್ರ ಸೇರುವ ಕಡೆ, ಕುಮಟಾ ತಾಲ್ಲೂಕಿನಲ್ಲಿ, ನಮ್ಮದೊಂದು ಸಣ್ಣ ಊರು. ಇದರ ಚರಿತ್ರೆ ಮತ್ತು ಭೂಗೋಳವನ್ನು ಒಟ್ಟಿಗೇ ಬರೆದಿಡಬೇಕು ಅಂತ ಹೊರಟೆ. ಇಂಥ ಕೆಲಸಕ್ಕೆ ಕೈ ಹಾಕುವವರಿಗೆ ನನ್ನ ಮಾತು ಇಷ್ಟೇ: ಕಾಗದಪತ್ರಕ್ಕಿಂತ ಮೊದಲು ನೀರು ನೋಡಿ. ಸರ್ವೆ ನಂಬರು, ಪಹಣಿ, ಗ್ರಾಮ ನಕ್ಷೆ ಎಲ್ಲವೂ ದಂಡೆಗೆ ಬಂದು ನಿಲ್ಲುತ್ತವೆ. ಆದರೆ ಊರಿನ ಅರ್ಧ ಬದುಕು ದಂಡೆಯಿಂದ ಆಚೆ ನಡೆಯುತ್ತದೆ. ಹೊಳೆಗೆ ಪಹಣಿ ಇಲ್ಲ ಅಲ್ವಾ?

ಹಾಗಾಗಿ ನಾನು ಭರತ ಇಳಿತದ ಲೆಕ್ಕದಿಂದ ಶುರು ಮಾಡಿದೆ. ನಮ್ಮಲ್ಲಿ ಹಗಲು ರಾತ್ರಿ ಸೇರಿ ಎರಡು ಭರತ, ಎರಡು ಇಳಿತ. ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಹುಣ್ಣಿಮೆ, ಅಮಾವಾಸ್ಯೆಗೆ ನೀರು ಜಾಸ್ತಿ ಏರುತ್ತದೆ, ಜಾಸ್ತಿ ಇಳಿಯುತ್ತದೆ. ಊರಿನ ಒಂದೊಂದು ಜಾಗವನ್ನೂ ಭರತದಲ್ಲಿ ಒಮ್ಮೆ, ಇಳಿತದಲ್ಲಿ ಒಮ್ಮೆ ನೋಡಿದೆ. ಬೆಳಿಗ್ಗೆ ದೋಣಿ ಹೋದ ಜಾಗದಲ್ಲಿ ಮಧ್ಯಾಹ್ನ ಹೆಂಗಸರು ಕೆಸರಿನಲ್ಲಿ ಕೂತು ಬೆಳಚು ಎಂಬ ಚಿಪ್ಪುಮೀನು ಹೆಕ್ಕುತ್ತಿರುತ್ತಾರೆ. ಎರಡನ್ನೂ ಒಂದೇ ನಕ್ಷೆಯಲ್ಲಿ ತೋರಿಸಬೇಕು. ಅಮಾವಾಸ್ಯೆಯ ಭರತ ಮುಟ್ಟುವ ಗೆರೆ, ಇಳಿತದಲ್ಲಿ ಕಾಣುವ ದಿಬ್ಬಗಳು, ಬೇಸಿಗೆಯಲ್ಲಿ ಯಾವ ಬಾವಿಯವರೆಗೆ ಉಪ್ಪು ಬರುತ್ತದೆ ಎಂಬುದು, ಇವನ್ನೆಲ್ಲ ಫೋನಿನ ಜಿಪಿಎಸ್ ಹಿಡಿದು ಗುರುತು ಮಾಡಿಕೊಂಡೆ. ಸರ್ವೆ ಆಫ್ ಇಂಡಿಯಾದ 1:50,000 ನಕ್ಷೆಯ ಮೇಲೆ ಈ ಗೆರೆಗಳನ್ನು ಎಳೆದಾಗ ಊರಿನ ನಿಜವಾದ ಆಕಾರ ಕಂಡಿತು.

ಈ ಹೊಳೆಗೆ ಅಣೆಕಟ್ಟು ಇಲ್ಲ. ಶಿರಸಿ ಕಡೆ ಹುಟ್ಟಿ, ಉಂಚಳ್ಳಿಯಲ್ಲಿ 116 ಮೀಟರ್ ಧುಮುಕಿ, ತದಡಿ ಹತ್ತಿರ ಸಮುದ್ರ ಸೇರುವ ತನಕ ಯಾರೂ ಇದನ್ನು ತಡೆದಿಲ್ಲ. ಮಳೆಗಾಲದಲ್ಲಿ ಸಿಹಿನೀರು ಉಪ್ಪನ್ನು ತಳ್ಳುತ್ತದೆ. ಬೇಸಿಗೆಯಲ್ಲಿ ಉಪ್ಪುನೀರು ಮೇಲಕ್ಕೆ ಬರುತ್ತದೆ. ಈ ತಳ್ಳಾಟವನ್ನು ಅರ್ಥ ಮಾಡಿಕೊಳ್ಳದೆ ಗಜನಿಯ ಬಗ್ಗೆ ಒಂದು ಸಾಲೂ ಬರೆಯಲು ಆಗುವುದಿಲ್ಲ.

ಗಜನಿ ಅಂದರೆ ಹೊಳೆಯಂಚಿನ ತಗ್ಗು ಗದ್ದೆ. ಸುತ್ತ ಮಣ್ಣಿನ ಕಟ್ಟೆ, ನಡುವೆ ನೀರು ಒಳಗೆ ಬಿಡುವ, ಹೊರಗೆ ಬಿಡುವ ಹಲಗೆಯ ಬಾಗಿಲು. ಮಳೆ ಬಂದು ಉಪ್ಪು ತೊಳೆದ ಮೇಲೆ ಕಗ್ಗ ಬಿತ್ತುತ್ತಾರೆ. ಉಪ್ಪು ತಡೆಯುವ, ನೆರೆಯಲ್ಲಿ ಕೆಲವು ದಿನ ಮುಳುಗಿದರೂ ಸಾಯದ ಭತ್ತ ಇದು. ಗೊಬ್ಬರ ಬೇಡ, ಔಷಧ ಬೇಡ. ಮಳೆಗಾಲ ಮುಗಿಯುವ ಹೊತ್ತಿಗೆ ತೆನೆ ಮಾತ್ರ ಕೊಯ್ದು ಹುಲ್ಲನ್ನು ಗದ್ದೆಯಲ್ಲೇ ಬಿಡುತ್ತಾರೆ. ಆಮೇಲೆ ಬಾಗಿಲು ತೆರೆದು ಭರತದ ನೀರು ಒಳಗೆ ಬಿಟ್ಟರೆ ಮೀನು, ಸಿಗಡಿ ಮರಿಗಳು ಬಂದು ಆ ಕೊಳೆತ ಹುಲ್ಲಿನ ನಡುವೆ ಬೆಳೆಯುತ್ತವೆ. ಅದೇ ನೆಲ, ಅರ್ಧ ವರ್ಷ ಗದ್ದೆ, ಅರ್ಧ ವರ್ಷ ಮೀನಿನ ಕೆರೆ. ನಮ್ಮೂರಿನ ಹಿರಿಯರು ಮಾಡಿದ ಅತಿ ದೊಡ್ಡ ಕೆಲಸ ಇದು ಅಂತ ನಾನು ನಂಬಿದ್ದೇನೆ. ಮಿರ್ಜಾನ ಕೋಟೆಯನ್ನು ನೋಡಲು ದೂರದಿಂದ ಜನ ಬರುತ್ತಾರೆ, ಬರಲಿ. ಗಜನಿ ಕಟ್ಟೆಯನ್ನೂ ಹಾಗೆಯೇ ನಿಂತು ನೋಡಬೇಕು.

ಊರಿನ ಚರಿತ್ರೆ ನನಗೆ ಹೆಚ್ಚು ಸಿಕ್ಕಿದ್ದು ಈ ಕಟ್ಟೆಯ ಮೇಲೆಯೇ. ಒಡೆದಾಗ ಯಾರು ಮಣ್ಣು ಹಾಕಬೇಕು? ಬಾಗಿಲ ಬಳಿ ಬಲೆ ಕಟ್ಟುವ ಹಕ್ಕು ಯಾರದು? ವರ್ಷದ ಮೀನಿನ ಹರಾಜಿನ ದುಡ್ಡು ಹೇಗೆ ಹಂಚಿಕೆಯಾಗುತ್ತದೆ? ಪಹಣಿಯಲ್ಲಿ ಭತ್ತದ ಗದ್ದೆಯ ಯಜಮಾನನ ಹೆಸರು ಇರುತ್ತದೆ. ಮೀನಿನ ಹಕ್ಕಿನ ಬಗ್ಗೆ ಅದರಲ್ಲಿ ಏನೂ ಇರುವುದಿಲ್ಲ. ಒಂದೊಂದು ಗಜನಿಯ ಕಟ್ಟುಪಾಡನ್ನೂ ಕೇಳಿ ಕೇಳಿ ಬರೆದುಕೊಂಡೆ. 1974ರ ಭೂಸುಧಾರಣೆಯಲ್ಲಿ ಫಾರಂ ನಂಬರ್ 7, ಅಂದರೆ ಗೇಣಿ ಭೂಮಿಯ ಹಕ್ಕು ಕೇಳುವ ಅರ್ಜಿ, ಕೊಟ್ಟು ಗೇಣಿದಾರರು ಒಡೆಯರಾದರು. 1970ರ ದಶಕದಲ್ಲೇ ಉಪ್ಪುನೀರು ಗದ್ದೆಗೆ ನುಗ್ಗದಂತೆ ತಡೆಯುವ ಖಾರ್‌ಲ್ಯಾಂಡ್ ಯೋಜನೆಯ ಕಲ್ಲಿನ ಕಟ್ಟೆಗಳು ಬಂದವು. 1990ರ ದಶಕದಲ್ಲಿ ದೊಡ್ಡ ಸಿಗಡಿ ಕೃಷಿ ಬಂತು, ಹಿಂದೆಯೇ ಸಿಗಡಿಯನ್ನು ಸಾಯಿಸುವ ಬಿಳಿಚುಕ್ಕೆ ರೋಗ ಬಂತು. 1996ರಲ್ಲಿ ಸುಪ್ರೀಂ ಕೋರ್ಟ್ ಕರಾವಳಿಯ ಸಿಗಡಿ ಹೊಂಡಗಳ ಮೇಲೆ ತೀರ್ಪು ಕೊಟ್ಟಿತು. ಈ ಒಂದೊಂದೂ ಕಟ್ಟೆಯ ಒಳಗಿನ ಹಕ್ಕನ್ನು ಅಲುಗಾಡಿಸಿತು. ಕಗ್ಗ ಬೆಳೆಯುವವರು ಕಡಿಮೆಯಾದರು. ಮಾಣಿಕಟ್ಟಾ ಕಡೆಯ ರೈತರು ಬೀಜ ಉಳಿಸಿಕೊಂಡಿದ್ದಾರೆ, ಅದು ಸಣ್ಣ ಮಾತಲ್ಲ.

ಇದಾದ ಮೇಲೆ ಕಾಗದಪತ್ರಕ್ಕೆ ಕೈ ಹಾಕಿದೆ. ಉತ್ತರ ಕನ್ನಡದವರಿಗೆ ಇಲ್ಲೊಂದು ತೊಡಕು ಇದೆ. ನಮ್ಮ ದಾಖಲೆಗಳು ಮೂರು ರಾಜಧಾನಿಗಳಲ್ಲಿ ಹರಡಿವೆ. 1799ರಲ್ಲಿ ಟಿಪ್ಪು ಸತ್ತ ಮೇಲೆ ಕೆನರಾ, ಅಂದರೆ ನಮ್ಮ ಕರಾವಳಿ ಸೀಮೆ, ಈಸ್ಟ್ ಇಂಡಿಯಾ ಕಂಪನಿ ಕೈಗೆ ಬಂತು, ಥಾಮಸ್ ಮನ್ರೋ ಮೊದಲ ಕಲೆಕ್ಟರ್. ಆಗ ಮದ್ರಾಸಿನ ಆಡಳಿತ. 1862ರಲ್ಲಿ ನಮ್ಮನ್ನು ಮುಂಬೈ ಪ್ರಾಂತ್ಯಕ್ಕೆ ಸೇರಿಸಿದರು. 1956ರ ನವೆಂಬರ್ 1ಕ್ಕೆ ಮೈಸೂರು ರಾಜ್ಯಕ್ಕೆ ಬಂದೆವು. ಹಾಗಾಗಿ ಯಾವ ಕಾಲದ ಕಡತ ಬೇಕು ಅಂತ ಮೊದಲು ತೀರ್ಮಾನಿಸಿ, ಆಮೇಲೆ ಚೆನ್ನೈ, ಮುಂಬೈ ಅಥವಾ ಬೆಂಗಳೂರಿನ ಪತ್ರಾಗಾರದ ಕಡೆ ನೋಡಿ. ಸುಮ್ನೆ ಬೆಂಗಳೂರಿನಲ್ಲೇ ಹುಡುಕಿದರೆ ಸಿಗುವುದಿಲ್ಲ. ಮುಂಬೈ ಪ್ರಾಂತ್ಯದ ಗೆಜೆಟಿಯರಿನ ಕೆನರಾ ಸಂಪುಟ 1883ರದ್ದು. ಬಂದರು, ಉಪ್ಪು, ಜಾತಿ, ಕಸುಬು ಎಲ್ಲದಕ್ಕೂ ಅದು ಒಳ್ಳೆಯ ಆಧಾರ. ಆದರೆ ಅದು ತೆರಿಗೆ ವಸೂಲಿ ಮಾಡುವವರ ಕಣ್ಣು. ಬೆಳಚು ಹೆಕ್ಕುವ ಹೆಂಗಸರಿಗೆ ಅದರಲ್ಲಿ ಜಾಗ ಹುಡುಕಬೇಡಿ.

ಸಣ್ಣ ಊರಿನ ಕಥೆಗೆ ದೊಡ್ಡ ಊರಿನ ವ್ಯಾಪಾರವನ್ನು ಜೋಡಿಸಿದಾಗ ಎಷ್ಟೋ ಸಂಗತಿ ಬಿಡಿಸಿಕೊಂಡವು. 1860ರ ದಶಕದಲ್ಲಿ ಅಮೆರಿಕದ ಅಂತರ್ಯುದ್ಧದಿಂದ ಇಂಗ್ಲೆಂಡಿಗೆ ಹತ್ತಿ ನಿಂತಿತು. ಆಗ ಧಾರವಾಡ ಸೀಮೆಯ ಹತ್ತಿ ಗಾಡಿಗಳಲ್ಲಿ ಘಟ್ಟ ಇಳಿದು ಕುಮಟಾಕ್ಕೆ ಬಂದು ಮುಂಬೈಗೆ ಹಡಗು ಏರುತ್ತಿತ್ತು. ಆ ಹತ್ತಿಗೆ ಮಾರುಕಟ್ಟೆಯಲ್ಲಿ ಕುಮಟಾ ಹತ್ತಿ ಅಂತಲೇ ಹೆಸರು. 1880ರ ದಶಕದ ಕೊನೆಗೆ ಮರ್ಮಗೋವಾಕ್ಕೆ ರೈಲು ಆಯಿತು, ಹತ್ತಿ ಆ ದಾರಿ ಹಿಡಿಯಿತು. ಬಂದರು ಸೊರಗಿದ್ದು ಯಾಕೆ ಅಂತ ಕೇಳಿದರೆ ಊರಲ್ಲಿ ಹೂಳು ಅನ್ನುತ್ತಾರೆ. ಹೂಳೂ ಇತ್ತು, ರೈಲೂ ಇತ್ತು.

ಹಿರಿಯರ ಜೊತೆ ಮಾತಾಡುವಾಗ ಇಸವಿ ಕೇಳಬಾರದು. ಗೋವಾ ಸ್ವತಂತ್ರವಾದ ಸಮಯಕ್ಕಿಂತ ಮೊದಲೋ ಆಮೇಲೋ, ಎಮರ್ಜೆನ್ಸಿಗೆ ಮೊದಲೋ, ಕೊಂಕಣ ರೈಲಿನ ಸೇತುವೆ ಕಟ್ಟುವಾಗಲೋ ಅಂತ ಕೇಳಿದೆ. 1961, 1975, 1990ರ ದಶಕ ಅಂತ ತಾನಾಗಿ ಸಾಲು ಹಿಡಿಯುತ್ತದೆ. ಇನ್ನೊಂದು, ಜಗಲಿಯಲ್ಲಿ ಕೂರಿಸಿ ಕೇಳಿದ್ದಕ್ಕಿಂತ ಕೆಲಸದ ಜಾಗದಲ್ಲಿ ಕೇಳಿದ್ದು ಹೆಚ್ಚು ಗಟ್ಟಿ. ಬೆಳಚಿನ ದಿಬ್ಬದ ಬಗ್ಗೆ ಗಂಡಸರು ನನಗೆ ಬಹಳ ಹೇಳಿದ್ದರು. ಒಬ್ಬ ಅಜ್ಜಿ ಮಾತ್ರ, "ತಮಾ, ಇಳಿತ ಆಗ್ಲಿ, ಆಮೇಲೆ ತೋರಸ್ತೆ" ಅಂದರು. ಮೊಣಕಾಲು ಕೆಸರಿನಲ್ಲಿ ನಡೆದು, ಯಾವ ದಿಬ್ಬ ಯಾವ ಮಳೆಗಾಲದ ಆಮೇಲೆ ಸರಿಯಿತು, ಎಲ್ಲಿ ಚಿಪ್ಪು ಸುಣ್ಣಕ್ಕೆ ತೆಗೆದ ಮೇಲೆ ಬೆಳಚು ಕಡಿಮೆಯಾಯಿತು, ಎಲ್ಲವನ್ನೂ ಬೆರಳು ಮಾಡಿ ತೋರಿಸಿದರು. ನನ್ನ ನಕ್ಷೆಯ ಅತ್ಯುತ್ತಮ ಭಾಗ ಅವರದ್ದು.

ಸಾಣಿಕಟ್ಟೆಯ ಉಪ್ಪು, 1930ರ ಅಂಕೋಲೆಯ ಉಪ್ಪಿನ ಸತ್ಯಾಗ್ರಹ, ಮಿರ್ಜಾನದ ಮೆಣಸಿನ ವ್ಯಾಪಾರ, ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿ, ಇವುಗಳ ಬಗ್ಗೆ ಬರೆದವರು ಬೇಕಾದಷ್ಟಿದ್ದಾರೆ. ನಾನು ಚಿಕ್ಕದಾಗಿ ಮುಗಿಸಿದೆ.

2024ರಲ್ಲಿ ಅಘನಾಶಿನಿ ಅಳಿವೆ, ಜಗತ್ತಿನ ಮಹತ್ವದ ಜೌಗು ನೆಲಗಳ ರಾಮ್ಸಾರ್ ಪಟ್ಟಿಗೆ ಸೇರಿತು, 4,801 ಹೆಕ್ಟೇರ್. ಸಂತೋಷವೇ. ನಾಳೆ ಈ ನೀರಿಗೆ ಯೋಜನೆ ಬರೆಯಲು ಕೂರುವವರು ನಕ್ಷೆ ಕೇಳುತ್ತಾರೆ. ಅದಕ್ಕೇ ಈಗ ಹರಿಕಂತರ, ಅಂಬಿಗರ, ಹಾಲಕ್ಕಿಗಳ, ಪಟಗಾರರ ಕೇರಿಗಳಿಗೆ ಹೋಗಿ, ಯಾರು ಯಾವ ದಿಬ್ಬದಲ್ಲಿ, ಯಾವ ತಿಂಗಳು, ಏನು ಹಿಡಿಯುತ್ತಾರೆ ಎಂಬ ಪಟ್ಟಿ ಮಾಡುತ್ತಿದ್ದೇನೆ. ಮಳೆಗಾಲ ಕಳೆದ ಮೇಲೆ ದಿಬ್ಬಗಳು ಸರಿಯುವುದರಿಂದ ಪ್ರತಿ ಹಾಳೆಯ ಮೇಲೂ ತಿಂಗಳು, ವರ್ಷ ಬರೆಯುತ್ತೇನೆ. ನಿಮ್ಮ ಹೊಳೆಯ ಪಟ್ಟಿಯನ್ನೂ ಹಾಗೆಯೇ ಮಾಡಿ. ಒಂದು ಪ್ರತಿ ಪಂಚಾಯಿತಿಯಲ್ಲಿ ಇರಲಿ, ಇನ್ನೊಂದು ಊರಿನ ಶಾಲೆಯಲ್ಲಿ.