ಜಂಪ್ ಸ್ಟಾರ್ಟ್ ಮಾಡುವಾಗ ಇಸಿಯು ಸುಡದಂತೆ ನೋಡಿಕೊಳ್ಳುವುದು ಹೇಗೆ?

ಕಲಬುರಗಿಯ ಬಿಸಿಲು 42 ಡಿಗ್ರಿ ದಾಟುವ ದಿನಗಳಲ್ಲಿ ಕಾರಿನ ಬ್ಯಾಟರಿ ಬೇಗ ಸೋಲುತ್ತದೆ. ಹೊಸ ಬ್ಯಾಟರಿಗೆ ಕೆಲವು ಸಾವಿರ ರೂಪಾಯಿ ಸಾಕು. ಆದರೆ ಗಾಡಿ ಸ್ಟಾರ್ಟ್ ಮಾಡುವ ಅವಸರದಲ್ಲಿ ಇಸಿಯು, ಅಂದರೆ ಇಂಜಿನ್ ನಡೆಸುವ ಕಂಪ್ಯೂಟರ್, ಸುಟ್ಟರೆ ಖರ್ಚು ಎಷ್ಟೋ ಪಟ್ಟು ಜಾಸ್ತಿ.

ಇಂಜಿನ್ ಓಡುತ್ತಿರುವಾಗ ಬ್ಯಾಟರಿ ಟರ್ಮಿನಲ್ ಬಿಚ್ಚಲೇಬೇಡಿ. ‘ಡೈನಮೊ ಚಾರ್ಜ್ ಮಾಡ್ತದೋ ಇಲ್ವೋ ನೋಡೋಣ’ ಅಂತ ವೈರ್ ಕೀಳುವುದು ಹಳೇ ಜೀಪುಗಳ ಕಾಲದ ರೂಢಿ. ಆಲ್ಟರ್ನೇಟರ್, ಅಂದರೆ ನಾವು ಡೈನಮೊ ಅನ್ನುವುದು, ಕೊಡುವ ಕರೆಂಟನ್ನು ಬ್ಯಾಟರಿ ಹೀರಿಕೊಳ್ಳುತ್ತಿರುತ್ತದೆ. ಅದನ್ನು ತಟ್ಟನೆ ತೆಗೆದರೆ 14 ವೋಲ್ಟ್ ಇದ್ದದ್ದು ಕ್ಷಣದಲ್ಲೇ ಹಲವು ಪಟ್ಟು ಏರುತ್ತದೆ. ಫ್ಯೂಸ್ ಇದೆಯಲ್ಲ ಎನ್ನಬೇಡಿ. ಅದು ಕರಗುವ ಮೊದಲೇ ಚಿಪ್ ಹೋಗಿರುತ್ತದೆ. ಪರೀಕ್ಷೆಗೆ ಮಲ್ಟಿಮೀಟರ್ ಸಾಕು: ಇಂಜಿನ್ ಆಫ್ ಇದ್ದಾಗ 12.6 ವೋಲ್ಟ್ ಆಸುಪಾಸು, ಓಡುವಾಗ ಸಾಮಾನ್ಯವಾಗಿ 13.5ರಿಂದ 14.7. 15 ದಾಟಿ ಅಲ್ಲೇ ನಿಂತರೆ ವೋಲ್ಟೇಜನ್ನು ಹಿಡಿತದಲ್ಲಿಡುವ ರೆಗ್ಯುಲೇಟರನ್ನು ಮೆಕ್ಯಾನಿಕ್‌ಗೆ ತೋರಿಸಿ.

ಇನ್ನು ಜಂಪ್ ಸ್ಟಾರ್ಟ್, ಅಂದರೆ ಇನ್ನೊಂದು ಗಾಡಿಯ ಬ್ಯಾಟರಿಯಿಂದ ಕೇಬಲ್ ಹಚ್ಚಿ ನಿಮ್ಮ ಗಾಡಿ ಸ್ಟಾರ್ಟ್ ಮಾಡುವುದು. ಹುಮನಾಬಾದ್ ರಸ್ತೆಯಲ್ಲಿ ಗಾಡಿ ನಿಂತರೆ ತೊಗರಿ ಲಾರಿಯ ಅಣ್ಣನೇ ಮೊದಲು ಸಹಾಯಕ್ಕೆ ಬರುತ್ತಾನೆ. ಮನಸ್ಸು ದೊಡ್ಡದು, ಆದರೆ ಲಾರಿಯದು 24 ವೋಲ್ಟ್, ನಿಮ್ಮ ಕಾರಿನದು 12. ‘ಎರಡು ಬ್ಯಾಟರಿಯಲ್ಲಿ ಒಂದಕ್ಕೇ ಹಚ್ಚೋಣ’ ಎಂದರೂ ಬೇಡ. ಕ್ಲಿಪ್ ತಪ್ಪಿ ಬಿದ್ದರೆ ಮುಗಿಯಿತು. ಇನ್ನೊಂದು ಕಾರಿಗೆ ಕಾಯಿರಿ.

ಎರಡೂ ಕಾರು ಒಂದಕ್ಕೊಂದು ತಾಗದಂತೆ ನಿಲ್ಲಿಸಿ, ಕೀ ಆಫ್ ಮಾಡಿ. ಕೆಂಪು ಕೇಬಲ್ ಮೊದಲು ನಿಮ್ಮ ಬ್ಯಾಟರಿಯ ಪ್ಲಸ್‌ಗೆ, ಆಮೇಲೆ ಒಳ್ಳೆಯ ಬ್ಯಾಟರಿಯ ಪ್ಲಸ್‌ಗೆ. ಕಪ್ಪು ಕೇಬಲ್ ಒಳ್ಳೆಯ ಬ್ಯಾಟರಿಯ ಮೈನಸ್‌ಗೆ. ಕೊನೆಯ ಕ್ಲಿಪ್ಪನ್ನು ನಿಮ್ಮ ಬ್ಯಾಟರಿಗೆ ಹಚ್ಚಬೇಡಿ. ಅದರಿಂದ ದೂರವಿರುವ, ಬಣ್ಣ ಇಲ್ಲದ ಇಂಜಿನ್ ಬೋಲ್ಟ್‌ಗೆ ಕಚ್ಚಿಸಿ. ಬ್ಯಾಟರಿಯಿಂದ ಹೈಡ್ರೋಜನ್ ಹೊರಬರುತ್ತದೆ, ಕಿಡಿ ಹಾರಿದರೆ ಸ್ಫೋಟದ ಅಪಾಯ.

ಸಹಾಯಕ್ಕೆ ಬಂದ ಕಾರಿನ ಇಂಜಿನ್ನನ್ನು ನಿಂತಲ್ಲೇ ಕೆಲವು ನಿಮಿಷ ಆನ್ ಇಡಿ, ಆಮೇಲೆ ನಿಮ್ಮದಕ್ಕೆ ಸೆಲ್ಫ್ ಹೊಡೆಯಿರಿ. ಸ್ಟಾರ್ಟ್ ಆದ ಕೂಡಲೇ ಕೇಬಲ್ ಕೀಳಬೇಡಿ. ಮೊದಲು ಬ್ಲೋವರನ್ನು ಪೂರ್ತಿ ಆನ್ ಮಾಡಿ, ಕೀಳುವಾಗ ಏಳುವ ವೋಲ್ಟೇಜ್ ಅದರಲ್ಲಿ ಸ್ವಲ್ಪ ಕರಗುತ್ತದೆ. ಹಾಕಿದ ಕ್ರಮಕ್ಕೆ ಉಲ್ಟಾ ಬಿಚ್ಚಿ.

ಸೈಲೆನ್ಸರ್ ಅಥವಾ ಬಾಡಿ ವೆಲ್ಡಿಂಗ್ ಮಾಡಿಸುವಾಗಲೂ ಇದೇ ಎಚ್ಚರ ಬೇಕು. ಬ್ಯಾಟರಿಯ ಮೈನಸ್ ಮೊದಲು, ಆಮೇಲೆ ಪ್ಲಸ್ ಬಿಚ್ಚಿಸಿ. ಇಸಿಯು ಪ್ಲಗ್ ತೆಗೆಯಬೇಕೇ ಎಂದು ಗಾಡಿಯ ಪುಸ್ತಕದಲ್ಲಿ ನೋಡಿ. ವೆಲ್ಡಿಂಗ್‌ನ ಅರ್ತ್ ಕ್ಲಾಂಪ್ ಬೆಸುಗೆಯ ಪಕ್ಕದಲ್ಲೇ ಇರಲಿ. ದೂರ ಹಚ್ಚಿದರೆ ಕರೆಂಟು ವೈರಿಂಗ್ ಒಳಗೆ ದಾರಿ ಹುಡುಕುತ್ತದೆ. ಕೆಲಸ ಮುಗಿದ ಮೇಲೆ ಮೊದಲು ಪ್ಲಸ್, ಕೊನೆಗೆ ಮೈನಸ್ ಬಿಗಿಸಿ.