ಬೆನ್ನುನೋವಿಗೆ ಚೀಲ ಹೊರಿಸಿದ ಕಥೆ

ಟ್ರ್ಯಾಕ್ಷನ್ ಟೇಬಲ್ಲನ್ನು, ಅಂದರೆ ಮಲಗಿಸಿ ಸೊಂಟ ಎಳೆಯುವ ಮೇಜನ್ನು, 70 ಸಾವಿರಕ್ಕೆ ತಂದಿದ್ದೆ, 18ಕ್ಕೆ ಮಾರಿದೆ. ಕೊಂಡವನು ಸಿಂಧನೂರಿನ ಕಡೆಯ ಒಬ್ಬ ಫಿಸಿಯೋ, ನನಗಿಂತ ಚಿಕ್ಕವ. ಟೆಂಪೋಕ್ಕೆ ಏರಿಸುವಾಗ "ಸರ, ಇದನ್ನ ಮಾರಿ ಏನ್ ತಗೋತೀರಿ?" ಅಂದ. "ಉಸುಕು" ಅಂದೆ. ಚೇಷ್ಟೆ ಅಂದುಕೊಂಡು ನಕ್ಕ. ಈ ವರ್ಷ ಅವನೇ ಎರಡು ಸಲ ಫೋನ್ ಮಾಡಿ "ಎಷ್ಟು ಕೆಜಿಯಿಂದ ಶುರು ಮಾಡ್ತೀರಿ ಸರ" ಅಂತ ಕೇಳಿದ. ಅದಕ್ಕೇ ಹಮಾಲರ ಬೆನ್ನುನೋವಿಗೆ ಉಸುಕಿನ ಚೀಲ ಎತ್ತಿಸುವ ನನ್ನ ಕ್ರಮವನ್ನು ಬರೆಯುತ್ತಿದ್ದೇನೆ, ಒಬ್ಬೊಬ್ಬರಿಗೆ ಫೋನಿನಲ್ಲಿ ಹೇಳುವುದು ತಪ್ಪಲಿ ಅಂತ.

ಗಂಗಾವತಿಯಲ್ಲಿ ನನ್ನ ಫಿಸಿಯೋಥೆರಪಿ ಕ್ಲಿನಿಕ್ 2015ರಿಂದ ಇದೆ. ಈ ಭತ್ತದ ಪಟ್ಟಿಯಲ್ಲಿ ನಮ್ಮ ಪೇಷಂಟು ಯಾರು ಅಂತ ನಿಮಗೆ ಹೇಳಬೇಕಿಲ್ಲ. ರೈಸ್ ಮಿಲ್ಲಿನ ಹಮಾಲರು, ನಾಟಿ ಹಚ್ಚುವ ಹೆಣ್ಣುಮಕ್ಕಳು, ಗಾದಿ ಮೇಲೆ ಕೂತು ಕೂತು ಸೊಂಟ ಹಿಡಿಸಿಕೊಂಡ ಸಾಹುಕಾರರು. ಮೊದಲ ಆರು ವರ್ಷ ನಾನೂ ಕರೆಂಟ್ ಕೊಟ್ಟೆ, ಶಾಖ ಕೊಟ್ಟೆ, ಟೇಬಲ್ ಮೇಲೆ ಮಲಗಿಸಿ ಎಳೆದೆ. ಸಿಟ್ಟಿಂಗಿಗೆ 150, ಹತ್ತು ಸಿಟ್ಟಿಂಗ್. ಹತ್ತನೇ ದಿನ "ಬಾರಾಣೆ ಕಮ್ಮಿ ಆಗೇತ್ರಿ" ಅನ್ನುವರು, ಹದಿನಾರಾಣೆಯಲ್ಲಿ ಹನ್ನೆರಡು, ಅಂದರೆ ಮುಕ್ಕಾಲು. ಮುಂದಿನ ಸುಗ್ಗಿಗೆ ಅದೇ ಮನುಷ್ಯ, ಅದೇ ಸೊಂಟ, ಅದೇ ಪ್ಲಾಸ್ಟಿಕ್ ಕವರಿನಲ್ಲಿ ಮಡಿಕೆ ಬಿದ್ದ ಅದೇ ಎಂಆರ್‌ಐ. ಗಲ್ಲಾಪೆಟ್ಟಿಗೆಗೆ ಇಂಥ ಗಿರಾಕಿಗಿಂತ ಒಳ್ಳೆಯವರಿಲ್ಲ, ಸುಳ್ಳು ಯಾಕೆ ಹೇಳಲಿ.

ಯೋಚನೆ ತಿರುಗಿದ್ದು ನನ್ನದೇ ಹಿಮ್ಮಡಿ ಕೈಕೊಟ್ಟಾಗ. ಲಾಕ್‌ಡೌನ್ ಸಡಿಲವಾದ ಮೇಲೆ ಹೊಟ್ಟೆ ಇಳಿಸುವ ಹುಮ್ಮಸ್ಸಿನಲ್ಲಿ ವಾರಕ್ಕೆ ನಾಲ್ಕು ಸಲ ಅಂಜನಾದ್ರಿ ಬೆಟ್ಟ ಹತ್ತತೊಡಗಿದೆ. 575 ಮೆಟ್ಟಿಲು. ತಿಂಗಳೊಪ್ಪತ್ತಿನಲ್ಲಿ ಹಿಮ್ಮಡಿಯ ಮೇಲಿನ ಸ್ನಾಯುರಜ್ಜು, ಅಂದರೆ ನಮ್ಮ ಅಕಿಲಿಸ್, ಬೆಳಿಗ್ಗೆ ನೆಲಕ್ಕೆ ಕಾಲಿಟ್ಟರೆ ಜೀವ ಹೋಗುವಂತಾಯಿತು. ಮೂರು ವಾರ ಸುಮ್ಮನೆ ಕೂತೆ. ನನ್ನದೇ ಚಿಕಿತ್ಸೆಯ ಅಲ್ಟ್ರಾಸೌಂಡ್ ಮೆಷಿನ್ ನನಗೇ ಹಿಡಿದುಕೊಂಡೆ. ಏನೂ ಆಗಲಿಲ್ಲ. ಆಮೇಲೆ ಸ್ವೀಡನ್ನಿನ ಆಲ್ಫ್ರೆಡ್‌ಸನ್ ನೆನಪಾದ. ಕಾಲೇಜಿನಲ್ಲಿ ಓದಿದ್ದೆವಲ್ಲ, ತನ್ನ ಹಿಮ್ಮಡಿಗೆ ಆಪರೇಷನ್ ಮಾಡಿ ಅಂದರೆ ಮೇಲಿನವರು ಒಲ್ಲೆ ಅಂದರು, ಹಾಗಾದರೆ ಹರಿದೇ ಹೋಗಲಿ ಅಂತ ಭಾರ ಹಾಕಿ ಹಾಕಿ ಕಡೆಗೆ ವಾಸಿಯೇ ಆದ ಡಾಕ್ಟರು. 1998ರ ಅವರ ಪೇಪರಿನಲ್ಲಿ ಇದ್ದದ್ದು ಬರೀ 15 ಜನ, 12 ವಾರ, ಮೆಟ್ಟಿಲಂಚಿನಲ್ಲಿ ನಿಂತು ಹಿಮ್ಮಡಿ ನಿಧಾನ ಕೆಳಗಿಳಿಸುವುದು, ದಿನಕ್ಕೆರಡು ಹೊತ್ತು 15ರ ಮೂರು ಸುತ್ತು. ಮಗಳ ಶಾಲೆಯ ಬ್ಯಾಗಿಗೆ 10 ಕೆಜಿ ಅಕ್ಕಿ ತುಂಬಿ ಬೆನ್ನಿಗೆ ಹಾಕಿಕೊಂಡು ನಮ್ಮ ಮನೆಯ ಕಟ್ಟೆಯ ಮೇಲೆ ಶುರು ಮಾಡಿದೆ. ಹತ್ತನೇ ವಾರಕ್ಕೆ ಮತ್ತೆ ಬೆಟ್ಟ ಹತ್ತಿದೆ. ಬ್ಯಾಗಿನ ಪಟ್ಟಿ ಕಿತ್ತು ಬಂತು, ಅದು ಬೇರೆ ಜಗಳ.

ಹಿಮ್ಮಡಿಗೆ ಆದದ್ದು ಸೊಂಟಕ್ಕೆ ಯಾಕಾಗಬಾರದು? 75 ಕೆಜಿಯ ಭತ್ತದ ಚೀಲ ಹೊತ್ತು ಬದುಕುವವನಿಗೆ "ಭಾರ ಎತ್ತಬೇಡ" ಅಂತ ಚೀಟಿ ಬರೆದುಕೊಟ್ಟರೆ, ಅದು ಅನ್ನ ಬಿಡು ಅಂದ ಹಾಗೆ. ಅವನು ಎತ್ತುವವನೇ. ಎತ್ತುವ ಶಕ್ತಿಯನ್ನೇ ಕೊಟ್ಟರೆ ಹೇಗೆ ಅನ್ನುವುದು ನನ್ನ ಲೆಕ್ಕ.

ಲೆಕ್ಕ ಸರಿ ಇತ್ತು, ಹೊತ್ತು ತಪ್ಪಿತ್ತು. 2021ರ ನವೆಂಬರ್ ಕೊನೆಗೆ, ಸುಗ್ಗಿಯ ನಟ್ಟನಡುವೆ, ಉಸುಕಿನ ಚೀಲ ಹಿಡಿದು ನಿಂತೆ. ಬೆಳಗಿನಿಂದ ನೂರಾರು ಚೀಲ ಹೊತ್ತು ಬಂದವನಿಗೆ ಸಂಜೆ ಮತ್ತೆ ಚೀಲ ಎತ್ತು ಅಂದರೆ? ಮೂವರಿಗೆ ನೋವು ಕೆರಳಿತು. ಒಬ್ಬ ನಾಲ್ಕು ದಿನ ಹಾಸಿಗೆ ಬಿಟ್ಟು ಏಳಲಿಲ್ಲ. ಅವರ ಮೇಸ್ತ್ರಿ ಬಾಗಿಲಿಗೆ ಬಂದು "ಕರೆಂಟ್ ಕೊಡಂಗಿಲ್ಲ, ಇಂಜೆಕ್ಷನ್ ಮಾಡಂಗಿಲ್ಲ, ಮೇಲೆ ಚೀಲ ಬ್ಯಾರೆ ಹೊರಸ್ತೀರಿ. ನೀವೆಂಥಾ ಡಾಕ್ಟ್ರರೀ?" ಅಂದ. ಅವನ ಹಿಂದೆ ಇಡೀ ಗ್ಯಾಂಗು ಹೋಯಿತು, ಹದಿನಾಲ್ಕು ಜನ. ಪೇಷಂಟ್ ಕಳಿಸುತ್ತಿದ್ದ ಮೂಳೆ ಡಾಕ್ಟರು ಫೋನ್ ಎತ್ತುವುದನ್ನು ಬಿಟ್ಟರು. ತಿಂಗಳಿಗೆ 40 ಸಾವಿರದ ಹತ್ತಿರ ಉಳಿಯುತ್ತಿದ್ದದ್ದು 16-17ಕ್ಕೆ ಇಳಿಯಿತು. ಮೆಷಿನ್ನಿನ ಕಂತು ಬೇರೆ 9 ಸಾವಿರ. ಮನೆಯವಳ ಎರಡು ಬಳೆ ಅಡಕ್ಕೆ ಹೋದವು, ಬಿಡಿಸಿಕೊಂಡು ಬರಲು ಒಂದೂವರೆ ವರ್ಷ ಹಿಡಿಯಿತು. ಟೇಬಲ್ ಮಾರಿದ್ದು ಆಗಲೇ. ಆದರ್ಶ ಗೀದರ್ಶ ಏನಿಲ್ಲ, ಕಂತು ಕಟ್ಟಬೇಕಿತ್ತು.

ಕೈ ಖಾಲಿ ಇತ್ತಲ್ಲ, ಹಳೆಯ ರಿಜಿಸ್ಟರ್ ತೆಗೆದು ಕೂತೆ. ಆರು ವರ್ಷದ ಹಮಾಲರ ಹೆಸರುಗಳ ಮುಂದೆ ಮೊದಲ ಸಲ ಬಂದ ತಾರೀಕು ಬರೆದುಕೊಂಡು ಹೋದೆ. ಸುಮಾರು 180 ಹೆಸರು. ಅರ್ಧಕ್ಕಿಂತ ಹೆಚ್ಚು ಜನ ಸುಗ್ಗಿ ಶುರುವಾದ ಮೊದಲ ಎರಡು ಮೂರು ವಾರದಲ್ಲೇ ಬಂದಿದ್ದರು, ನಡುಸುಗ್ಗಿಯಲ್ಲಿ ಅಲ್ಲ. ಅಂದರೆ ಸೊಂಟ ಮುರಿಯುತ್ತಿದ್ದದ್ದು 75 ಕೆಜಿ ಅಲ್ಲ, ಎರಡು ತಿಂಗಳು ಕೆಲಸವಿಲ್ಲದೆ ಕಟ್ಟೆ ಮೇಲೆ ಕೂತವನ ಮೇಲೆ ಒಂದೇ ದಿನ ಬಂದು ಬೀಳುವ 75 ಕೆಜಿ. ರಿಜಿಸ್ಟರ್ ನನ್ನ ಟೇಬಲ್ ಮೇಲೇ ಇತ್ತು, ಆರು ವರ್ಷ.

ಆವಾಗಿನಿಂದ ನನ್ನ ಕ್ಯಾಲೆಂಡರ್ ಹೀಗೆ. ಮುಂಗಾರು ಬೆಳೆ ಕೊಯ್ಲಿಗೆ ಬರುವುದಕ್ಕೆ ಎಂಟು ವಾರ ಮೊದಲು, ಸೆಪ್ಟೆಂಬರ್ ನಡುವೆ ಶುರು. ವಾರಕ್ಕೆ ಮೂರು ದಿನ, 40 ನಿಮಿಷ, ಮಿಲ್ಲಿನ ಕಣದಲ್ಲೇ. 25 ಕೆಜಿ ಅಕ್ಕಿಯ ಖಾಲಿ ಚೀಲಕ್ಕೆ ಉಸುಕು. ಮೊದಲ ವಾರ 15 ಕೆಜಿ, ಸ್ಟೂಲಿನ ಎತ್ತರದಿಂದ, ಎಂಟರ ಮೂರು ಸುತ್ತು. ಆಮೇಲೆ ನೆಲದಿಂದ. ಆಮೇಲೆ ಹೊತ್ತು ನಡೆಯುವುದು, ಕಡೆಗೆ ಲಾರಿಗೆ ಹಾಕುವ ಹಲಗೆ ಹತ್ತುವುದು. ವಾರಕ್ಕೆ ಸುಮಾರು ಆರು ಕೆಜಿ ಏರಿಸಿ ಎಂಟನೇ ವಾರಕ್ಕೆ 55-60ಕ್ಕೆ ತರುತ್ತೇನೆ. ಕೊನೆಯ 15 ಕೆಜಿ ಸುಗ್ಗಿಯೇ ಕಲಿಸುತ್ತದೆ.

ನೋವಿಗೆ ಸೊನ್ನೆಯಿಂದ ಹತ್ತು ಅಂತ ಕೇಳಿದರೆ ನಮ್ಮವರು "ಹತ್ತು" ಅಂತಲೇ ಹೇಳುವುದು. ಆಣೆ ಲೆಕ್ಕದಲ್ಲಿ ಕೇಳಿ, ಕರಾರುವಾಕ್ಕಾಗಿ ಹೇಳುತ್ತಾರೆ. ಎಂಟಾಣೆ ನೋವಿನವರೆಗೆ ಎತ್ತಬಹುದು, ಮರುದಿನ ಬೆಳಿಗ್ಗೆಗೆ ಅದು ಮೊದಲಿದ್ದಲ್ಲಿಗೆ ಇಳಿದಿರಬೇಕು. ಇಳಿಯದಿದ್ದರೆ ಒಂದು ಚೀಲ ಹಿಂದಕ್ಕೆ. ಹನ್ನೆರಡಾಣೆ ಅಂದರೆ ಅವತ್ತು ಮನೆಗೆ. ಕಾಲಿನ ಶಕ್ತಿ ಕುಂದಿದವರು, ಒಂದ-ಎರಡಕ್ಕೆ ಹತೋಟಿ ತಪ್ಪಿದವರು ಈ ಸಾಲಿನಲ್ಲಿ ನಿಲ್ಲುವುದೇ ಇಲ್ಲ, ನಿಮಗೆ ಗೊತ್ತಿದ್ದದ್ದೇ. ಅಂಥ ಒಬ್ಬನನ್ನು ರಾತ್ರೋರಾತ್ರಿ ಹುಬ್ಬಳ್ಳಿಗೆ ಕಳಿಸಿದ್ದೇನೆ.

2022ರಲ್ಲಿ ಇನ್ನೊಂದು ಎಡವಟ್ಟು. ಚೀಲಗಳನ್ನು ಕಣದಲ್ಲೇ ಬಿಟ್ಟಿದ್ದೆ, ರಾತ್ರಿ ಮಳೆ. ಮರುದಿನ ಎಲ್ಲರೂ ಒಂದೇ ಸಮನೆ "ಇವತ್ ಜಗ್ಗಿ ಆಗೇತ್ರಿ" ಅನ್ನತೊಡಗಿದರು. ಸೋಮಾರಿಗಳು ಅಂತ ಬೈದೆ. ಆಮೇಲೆ ಮಿಲ್ಲಿನ ಕಾಂಟಾ ಮೇಲೆ ಇಟ್ಟರೆ 20ರ ಚೀಲ 24 ತೋರಿಸಿತು. ಈಗ ಒಳಗೆ ಪ್ಲಾಸ್ಟಿಕ್ ಹಾಕಿ ಹೊಲಿಸುತ್ತೇನೆ.

ಗೋಡೆಯ ಮೇಲಿದ್ದ "ಬೆನ್ನು ನೆಟ್ಟಗೆ, ಮಂಡಿ ಬಗ್ಗಿಸಿ" ಅನ್ನುವ ಚಿತ್ರ ಕಿತ್ತು ಹಾಕಿದೆ. ಎತ್ತುವ ಭಂಗಿ ಕಲಿಸಿದರೆ ಬೆನ್ನುನೋವು ತಪ್ಪುತ್ತದೆ ಅನ್ನುವುದಕ್ಕೆ ಪ್ರಯೋಗಗಳು ಆಧಾರ ಕೊಟ್ಟಿಲ್ಲ. ಅದೂ ಅಲ್ಲದೆ ಹಮಾಲ ಒಬ್ಬನೇ ನೆಲದಿಂದ ಎತ್ತುವುದೇ ಇಲ್ಲ, ಇಬ್ಬರು ಹಿಡಿದು ಮೂರನೆಯವನ ಬೆನ್ನಿಗೆ ಏರಿಸುತ್ತಾರೆ. ಹಾಗೆ ಏರಿಸುವ ಗಳಿಗೆಯಲ್ಲಿ ಕಾಲಿನದೊಂದು ಸಣ್ಣ ತಿದ್ದುಪಡಿ ಇದೆ. ಬರೆದರೆ ತಿಳಿಯುವಂಥದ್ದಲ್ಲ, ಬರೆಯುವ ಮನಸ್ಸೂ ಇಲ್ಲ. ಬೇಕಾದವರು ಒಂದು ದಿನ ಗಂಗಾವತಿಗೆ ಬನ್ನಿ, ಮಿರ್ಚಿ ಮಂಡಕ್ಕಿ ನನ್ನದು. ಎಂಆರ್‌ಐ ಹಿಡಿದು ಬಂದವನಿಗೆ ಮೊದಲ ಮಾತು ಏನು ಹೇಳುತ್ತೇನೆ ಅನ್ನುವುದೂ ಅಷ್ಟೇ. ಎರಡನೆಯ ಮಾತು ಮಾತ್ರ ಹೇಳಿಬಿಡುತ್ತೇನೆ: ನೋವೇ ಇಲ್ಲದ ಮೂರು ಸಾವಿರ ಜನರ ಸ್ಕ್ಯಾನುಗಳನ್ನು ಒಟ್ಟುಮಾಡಿ 2015ರಲ್ಲಿ ನೋಡಿದಾಗ, ಇಪ್ಪತ್ತರ ಹುಡುಗರಲ್ಲೇ ನೂರಕ್ಕೆ 37 ಜನಕ್ಕೆ ಡಿಸ್ಕ್ ಸವೆದಿತ್ತು, ಎಂಬತ್ತರವರಲ್ಲಿ 96. "ತಲಿ ಕೂದ್ಲ ಬೆಳ್ಳಗಾದಂಗ ಅಂದ್ರಿ ಹಂಗಾರ" ಅಂದ ಒಬ್ಬ. ಅದಕ್ಕಿಂತ ಚೆನ್ನಾಗಿ ನನಗೆ ಹೇಳಲು ಬಂದಿಲ್ಲ.

ಮೊಟ್ಟೆಯ ವಿಷಯ ಹೇಳದಿದ್ದರೆ ಮೇಸ್ತ್ರಿ ಬೈತಾನೆ. ಹಮಾಲರ ಊಟ ಈಗ ರೊಟ್ಟಿಗಿಂತ ಅನ್ನವೇ ಹೆಚ್ಚು, ನಡುವೆ ಹತ್ತು ಕಪ್ಪು ಚಹಾ. ಪ್ರೋಟೀನ್ ಇಲ್ಲದೆ ಸ್ನಾಯು ಎಲ್ಲಿಂದ ಬರಬೇಕು ಅಂತ 2023ರಲ್ಲಿ ಪ್ರತಿಯೊಬ್ಬನಿಗೂ ಎರಡು ಬೇಯಿಸಿದ ಮೊಟ್ಟೆ, ತಿನ್ನದವರಿಗೆ ಒಂದು ಹಿಡಿ ಕುದಿಸಿದ ಶೇಂಗಾ, ಹೆಸರುಕಾಳಿನ ಉಸುಳಿ ಕೊಟ್ಟೆ. ಎಂಟು ವಾರಕ್ಕೆ ಎಂಟು ಸಾವಿರ ಚಿಲ್ಲರೆ ಖರ್ಚು. ಸ್ನಾಯುವಿಗೆ ಎಷ್ಟು ಹೋಯಿತೋ ಬಿಟ್ಟಿತೋ, ಹಾಜರಿ ಮಾತ್ರ ತುಂಬಿಬಂತು. ಮೊಟ್ಟೆ ಇಲ್ಲದ ವರ್ಷ ಹತ್ತರಲ್ಲಿ ಆರು ಜನ ಬರುತ್ತಿದ್ದರೆ, ಮೊಟ್ಟೆ ಇದ್ದಾಗ ಒಂಬತ್ತು. ಈಗ ಖರ್ಚನ್ನು ಮಿಲ್ಲಿನವರ ತಲೆಗೆ ಕಟ್ಟಿದ್ದೇನೆ.

ನಾಟಿ ಹಚ್ಚುವ ಹೆಣ್ಣುಮಕ್ಕಳಲ್ಲಿ ಸೋತೆ. 2024ರಲ್ಲಿ ಲ್ಯಾನ್ಸೆಟ್‌ನಲ್ಲಿ ಆಸ್ಟ್ರೇಲಿಯಾದ್ದೊಂದು ಬಂತು: ಬೆನ್ನುನೋವು ಆಗಷ್ಟೇ ವಾಸಿಯಾದ 701 ಜನರಲ್ಲಿ, ಫಿಸಿಯೋ ಹಾಕಿಕೊಟ್ಟ ಕಾಲ್ನಡಿಗೆಯ ಗುಂಪಿನವರಿಗೆ ನೋವು ಮರಳಲು ನಡುಲೆಕ್ಕಕ್ಕೆ 208 ದಿನ ಹಿಡಿಯಿತು, ಏನೂ ಹಾಕಿಕೊಡದವರಿಗೆ 112. ಹುರುಪಿನಿಂದ ನಾಲ್ಕು ಜನರನ್ನು ಕೂರಿಸಿಕೊಂಡು "ದಿನಾ ಅರ್ಧ ತಾಸು ನಡೀರಿ ಯಕ್ಕಾ" ಅಂದೆ. ಒಬ್ಬ ಅಜ್ಜಿ ಬಾಯಿಗೆ ಸೆರಗು ಹಿಡಿದು ನಕ್ಕಳು. "ನಸುಕಿನ್ಯಾಗ ಎರಡು ಮೈಲಿ ಹೊಲಕ್ಕ ನಡಕೊಂತ ಹೋಗ್ತೀವಪ್ಪಾ, ನಿನ್ನ ಕಾರಿನ್ಯಾಗ ಕರ್ಕೊಂಡ್ ಹೋಗ್ತಿಯೇನ್ ಹೇಳು." ಆ ಚೀಟಿ ಸಾಹುಕಾರರಿಗೆ ಕೊಟ್ಟೆ, ಅಲ್ಲಿ ಚೆನ್ನಾಗಿ ಓಡುತ್ತಿದೆ.

ಮಂಡಿಗೂ ಭಾರ ಹಾಕಿ ನೋಡಿದೆ, ನಮ್ಮವ್ವನ ಮೇಲೆಯೇ. ಜಾಸ್ತಿ ಭಾರದಿಂದ ಜಾಸ್ತಿ ಲಾಭವೇನೂ ಕಾಣಲಿಲ್ಲ. 2021ರಲ್ಲಿ ಅಮೆರಿಕದಲ್ಲಿ 377 ಜನರ ಮೇಲೆ ಒಂದೂವರೆ ವರ್ಷ ಮಾಡಿದ ಪ್ರಯೋಗದಲ್ಲೂ ಭಾರೀ ತೂಕ, ಹಗುರ ತೂಕ ಎಲ್ಲ ಒಂದೇ ಆಗಿತ್ತು. ಅವ್ವ ಈಗ ಕುರ್ಚಿಯಿಂದ ಎದ್ದು ಕೂರುವುದನ್ನು ಹತ್ತು ಸಲ ಮಾಡುತ್ತಾಳೆ, ಎಕ್ಕೆ ಎಲೆ ಬಿಸಿ ಮಾಡಿ ಕಟ್ಟಿಕೊಳ್ಳುತ್ತಾಳೆ, ಅರಿಶಿನದ ಹಾಲು ಕುಡಿಯುತ್ತಾಳೆ. ಗುಣ ಬಂದರೆ ಹೆಸರು ಎಕ್ಕೆ ಎಲೆಗೆ. ಟ್ಯಾಸ್ಮೇನಿಯಾದಲ್ಲಿ ಮಂಡಿನೋವಿಗೆ ಅರಿಶಿನ ಕೊಟ್ಟು ನೋಡಿದ್ದಾರೆ, 70 ಜನ, ನೋವು ಸ್ವಲ್ಪ ತಗ್ಗಿತು, ಮಂಡಿಯೊಳಗಿನ ನೀರು ತಗ್ಗಲಿಲ್ಲ. ಅದು ಸಾರ ತೆಗೆದ ಗುಳಿಗೆ, ಡಬ್ಬಿಯ ಅರಿಶಿನ ಅಲ್ಲ. ಅವ್ವನಿಗೆ ಹೇಳಲು ಹೋಗಿಲ್ಲ. ಊರೂರು ತಿರುಗಿ ಮಾರುವ ಕೀಲುನೋವಿನ ಪುಡಿ ಮಾತ್ರ ಕಂಡಲ್ಲಿ ಕಸಿದು ಬಿಸಾಡುತ್ತೇನೆ. ಇಂಥ ಪುಡಿಗಳಲ್ಲಿ ಸ್ಟೆರಾಯ್ಡ್ ಬೆರೆಸುವುದುಂಟು. ಆರು ತಿಂಗಳು ತಿಂದು ಮುಖ ಚಂದ್ರನ ಹಾಗೆ ಊದಿಸಿಕೊಂಡು ಬಂದವನನ್ನು ಫಿಜಿಷಿಯನ್ ಹತ್ತಿರ ಕಳಿಸಿ, ಒಮ್ಮೆಲೇ ನಿಲ್ಲಿಸದೆ ಬಿಡಿಸಬೇಕಾಯಿತು.

ನಮ್ಮ ಕಡೆಯವರು ಇನ್ನೊಂದನ್ನು ಮರೆಯಬೇಡಿ. ಕುಷ್ಟಗಿ ಕಡೆಯ ಇಬ್ಬರು ಅಣ್ಣತಮ್ಮಂದಿರು ಆರು ವಾರ ಮಾಡಿದರೂ ಕಾಲಾಣೆಯಷ್ಟೂ ಇಳಿಯಲಿಲ್ಲ. ಬೆನ್ನು ಬಡಿಗೆ ಹಾಗೆ. ನನ್ನ ಭಾರ ಏರಿಸುವ ಕ್ರಮವೇ ಕೆಟ್ಟಿತು ಅಂತ ರಾತ್ರಿ ನಿದ್ದೆ ಬರಲಿಲ್ಲ. ಆಮೇಲೆ ಒಬ್ಬ ನಕ್ಕಾಗ ಹಲ್ಲು ಕಂಡೆ, ಕಂದು ಪಟ್ಟೆ. ನೆಲದ ಮೇಲೆ ಒಂದು ರೂಪಾಯಿ ನಾಣ್ಯ ಹಾಕಿ ಮಂಡಿ ಮಡಚದೆ ಎತ್ತು ಅಂದೆ, ಆಗಲಿಲ್ಲ. ಗದ್ದ ಎದೆಗೆ ತಾಗಲಿಲ್ಲ. ಕೈ ತಲೆಯ ಹಿಂದೆ ಹೋಗಲಿಲ್ಲ. ಬೋರಿನ ನೀರಿನ ಫ್ಲೋರೈಡ್. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು, ಇವರು ದಾಟಿದ ನೀರನ್ನೇ ವರ್ಷಾನುಗಟ್ಟಲೆ ಕುಡಿದಿದ್ದಾರೆ. ಮುಂಗೈ ಎಕ್ಸ್‌ರೇಗೆ ಕಳಿಸಿದೆ, ಎರಡು ಎಲುಬಿನ ನಡುವಿನ ಪೊರೆ ಸುಣ್ಣಗಟ್ಟಿತ್ತು. ಅವರಿಗೆ ಬೇಕಾದದ್ದು ಉಸುಕಿನ ಚೀಲ ಅಲ್ಲ, ಬೇರೆ ನೀರು. ಈಗ ಕೊಪ್ಪಳ, ರಾಯಚೂರಿನ ಒಣಭೂಮಿಯಿಂದ ಯಾರೇ ಬಂದರೂ ಮೊದಲು ನಾಣ್ಯ.

ಹೋದ ಸುಗ್ಗಿಗೆ ಚೀಲ ಎತ್ತಿ ತಯಾರಾದವರು 26 ಜನ. ಸೊಂಟದ ನೋವಿಗೆ ವಾರಕ್ಕಿಂತ ಹೆಚ್ಚು ಕೆಲಸ ಬಿಟ್ಟವರು ನಾಲ್ವರು. ಅದೇ ಮಿಲ್ಲುಗಳಲ್ಲಿ ಹಿಂದೆ ನಾನು ಎಣಿಸಿದ್ದಾಗ ಇಪ್ಪತ್ಮೂರೋ ಇಪ್ಪತ್ನಾಲ್ಕೋ ಜನರಲ್ಲಿ ಹನ್ನೊಂದು. ಇದು ಸಂಶೋಧನೆಯಲ್ಲ ಅಂತ ನನಗೂ ಗೊತ್ತು, ಹೋಲಿಸಲು ಬೇರೆ ಗುಂಪಿಲ್ಲ, ಬಂದವರೇ ಗಟ್ಟಿಗರಿರಬಹುದು. ಆದರೂ 2021ರಲ್ಲಿ ನನ್ನನ್ನು ನೋಡಿ ನಕ್ಕವರು ಯಾರೂ ಇಷ್ಟನ್ನೂ ಎಣಿಸಿಲ್ಲ. ಸಿಟ್ಟಿಂಗ್ ಲೆಕ್ಕ ಬಿಟ್ಟಿದ್ದೇನೆ. ಒಬ್ಬ ಹಮಾಲನಿಗೆ ಎಂಟು ವಾರಕ್ಕೆ 1,200, ಅರ್ಧ ಮಿಲ್ಲಿನವರದು, ಅರ್ಧ ಅವನದು, ಸುಗ್ಗಿ ಮುಗಿದ ಮೇಲೆ ಕೊಡಬೇಕು. ಇಬ್ಬರು ಮೂವರು ಮುಳುಗಿಸುತ್ತಾರೆ. ತಿಂಗಳ ಉಳಿತಾಯ ಮೊದಲಿನ 40ಕ್ಕೆ ಬಂದು ನಿಂತಿದೆ, ದಾಟಿಲ್ಲ.

ಭುಜ ಇನ್ನೂ ನನಗೆ ಬಗ್ಗಿಲ್ಲ. ಕೊಕ್ಕೆ ಹಾಕಿ ಎಳೆಯುವವರ ಬಲಭುಜಕ್ಕೆ ಎರಡು ವರ್ಷದಿಂದ ಏನೇನೋ ಮಾಡಿದ್ದೇನೆ, ಅರ್ಧ ಜನಕ್ಕೆ ಆಗುತ್ತದೆ, ಅರ್ಧ ಜನ ಮತ್ತೆ ಇಂಜೆಕ್ಷನ್ನಿಗೆ ಹೋಗುತ್ತಾರೆ. ಯಾರಿಗಾದರೂ ದಾರಿ ಸಿಕ್ಕಿದ್ದರೆ ಹೇಳಿ.

ಆ ಹಳೆಯ ಮೇಸ್ತ್ರಿ ನಿನ್ನೆ ಬಂದಿದ್ದ, ಈ ಸಲ ಅವನ ಗ್ಯಾಂಗಿನದೇ ಒಂಬತ್ತು ಹೆಸರು ಬರೆಸಿ ಹೋದ. "ತತ್ತಿ ಎರಡೋ ಮೂರೋ?" ಅಂತ ಕೇಳಿದ. ಹೋದ ವರ್ಷದ ಚೀಲ ಐದು ಹರಿದಿವೆ. ಸುತಳಿ ಇದೆ, ದಬ್ಬಣ ಸಿಗುತ್ತಿಲ್ಲ.