ಹೊಳೆ ಮೆಟ್ಟಿಲಿಗೆ ಕೆಂಪು ಬಟ್ಟೆ ಕಟ್ಟಿದ ಕತೆ

ಶಿವಮೊಗ್ಗದಲ್ಲಿ ಮಳೆ ಎಷ್ಟು ಜೋರಾಗಿದೆ ಅಂತ ತಿಳಿಯಲು ಯಾರೂ ಪೇಪರ್ ನೋಡುವುದಿಲ್ಲ. ಕೋರ್ಪಲಯ್ಯನ ಛತ್ರದ ಹತ್ತಿರ ತುಂಗಾ ಹೊಳೆಯೊಳಗಿರುವ ಮಂಟಪ ಮುಳುಗಿತಾ ಅಂತ ಕೇಳುತ್ತಾರೆ. ಮುಳುಗಿತು ಅಂದರೆ ಸೇತುವೆ ಮೇಲೆ ಜನವೋ ಜನ. ಹೊಳೆ ಏರಿದ್ದು ಎಲ್ಲರಿಗೂ ಕಾಣುತ್ತದೆ. ಅದೇ ಹೊಳೆಗೆ ಯುಜಿಡಿ, ಅಂದರೆ ಒಳಚರಂಡಿಯ ಕೊಳಚೆ ನೀರು ನುಗ್ಗಿದ್ದು ಮಾತ್ರ ಯಾರಿಗೂ ಕಾಣುವುದಿಲ್ಲ. ಮಳೆಗಾಲದ ಕೆಂಪು ನೀರಿನಲ್ಲಂತೂ ಕೇಳಲೇಬೇಡಿ.

ನಾನು ಕಾಲೇಜೊಂದರ ಮೈಕ್ರೋಬಯಾಲಜಿ ಲ್ಯಾಬಿನಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಬೆಳಿಗ್ಗೆ ಹೊಳೆ ದಂಡೆಯಲ್ಲಿ ವಾಕಿಂಗ್ ಹೋಗುತ್ತೇನೆ. ಒಂದು ದಿನ ರಾತ್ರಿಯೆಲ್ಲ ಮಳೆ ಸುರಿದು ನಿಂತಿತ್ತು. ಚರಂಡಿ ಹೊಳೆಗೆ ಸೇರುವ ಕಡೆ ಬೂದು ಬಣ್ಣದ ನೊರೆ, ಮೂಗು ಮುಚ್ಚಿಕೊಳ್ಳುವಂಥ ವಾಸನೆ. ಸ್ವಲ್ಪ ಕೆಳಗೆ ಮೆಟ್ಟಿಲ ಹತ್ತಿರ ಒಬ್ಬರು ಅಜ್ಜಿ ಸೊಂಟದಷ್ಟು ನೀರಲ್ಲಿ ಮೂರು ಸಲ ಮುಳುಗಿ ಎದ್ದರು. ಆಮೇಲೆ ಬೊಗಸೆಯಲ್ಲಿ ನೀರೆತ್ತಿ ಕುಡಿದರು.

"ಅಜ್ಜೀ, ಇವತ್ತು ನೀರು ಸರಿ ಇಲ್ಲ, ಕುಡೀಬೇಡಿ" ಎಂದೆ.

"ತುಂಗಾ ಪಾನ, ಗಂಗಾ ಸ್ನಾನ ಅಂತಾರೆ. ನಿಂದು ಯಾವೂರಪ್ಪಾ?" ಎಂದರು.

ಮಾತಿಲ್ಲದೆ ಮನೆಗೆ ಬಂದೆ. ಮರುದಿನ ಹಳೇ ಲ್ಯಾಬ್ ಬುದ್ಧಿ ಎದ್ದಿತು.

ಮಲದ ಕೊಳೆ ಇದೆಯೋ ಇಲ್ಲವೋ ನೋಡಲು ಒಂದು ಸುಲಭದ ಬಾಟಲಿ ಇದೆ, ಎಚ್‌ಟುಎಸ್ (ಹೈಡ್ರೋಜನ್ ಸಲ್ಫೈಡ್) ಬಾಟಲಿ. 1982ರಲ್ಲಿ ಗ್ವಾಲಿಯರ್‌ನ ರಕ್ಷಣಾ ಪ್ರಯೋಗಾಲಯದ ವಿಜ್ಞಾನಿಗಳು ಇದರ ವಿಧಾನ ಪ್ರಕಟಿಸಿದರು. ಬಾಟಲಿಯೊಳಗೆ ಔಷಧ ಹಚ್ಚಿದ ಕಾಗದ ಇರುತ್ತದೆ. ಗೆರೆವರೆಗೆ ನೀರು ತುಂಬಿ, ಮುಚ್ಚಳದ ಒಳಭಾಗ ಮುಟ್ಟದೆ ಮುಚ್ಚಿ, ಬೆಚ್ಚಗಿರುವ ಕಡೆ ಒಂದೆರಡು ದಿನ ಇಡಬೇಕು. ಕಪ್ಪಾದರೆ ನೀರು ಕೆಟ್ಟಿದೆ ಅಂತ. ನಾನು ಅಡುಗೆಮನೆಯ ಅಟ್ಟದ ಮೇಲೆ ಇಡುತ್ತಿದ್ದೆ. ಹೆಂಡತಿ ಉಪ್ಪಿನಕಾಯಿ ಜಾಡಿಯನ್ನು ಬೇರೆ ಕೋಣೆಗೆ ಸಾಗಿಸಿದಳು.

ದಿನಾ ಬಾಟಲಿ ತುಂಬುವುದು, ಫೋಟೋ ತೆಗೆದು ವಾಟ್ಸಾಪ್‌ನಲ್ಲಿ ಹಾಕುವುದು. ಒಂದು ತಿಂಗಳು ಹೀಗೇ ಮಾಡಿದೆ. ಆಮೇಲೆ ಹೊಳೆಯಿತು, ಇದೆಲ್ಲ ಸುಮ್ನೆ. ಬಾಟಲಿ ಕಪ್ಪಾಗುವ ಹೊತ್ತಿಗೆ ಆ ನೀರು ಕೂಡ್ಲಿ ದಾಟಿ, ಭದ್ರೆ ಜೊತೆ ಸೇರಿ ಹೋಗಿರುತ್ತದೆ. ದೊಡ್ಡ ಲ್ಯಾಬಿಗೆ ಕೊಟ್ಟರೂ ಅಷ್ಟೇ. ಸ್ನಾನದ ನೀರಲ್ಲಿ 100 ಮಿಲಿಲೀಟರ್‌ಗೆ ಮಲದ ಕೋಲಿಫಾರ್ಮ್ ಎಂಬ ಬ್ಯಾಕ್ಟೀರಿಯಾ 500ರೊಳಗೆ ಇದ್ದರೆ ಒಳ್ಳೆಯದು, 2,500 ದಾಟಲೇಬಾರದು ಅಂತ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಲೆಕ್ಕ. ಆ ಎಣಿಕೆ ಕೈಗೆ ಸಿಗಲು ಎರಡರಿಂದ ನಾಲ್ಕು ದಿನ ಬೇಕು. ಅಜ್ಜಿಗೆ ಬೇಕಿದ್ದದ್ದು ಬೆಳಿಗ್ಗೆ ಐದೂವರೆಗೆ.

ಹಾಗಾದರೆ ನೀರನ್ನು ನೋಡುವ ಬದಲು ಪಂಪನ್ನು ನೋಡಬೇಕು.

ಯುಜಿಡಿ ನೀರು ಇಳಿಜಾರಲ್ಲಿ ಹರಿದು ತಗ್ಗಿನಲ್ಲಿರುವ ವೆಟ್‌ವೆಲ್ ಎಂಬ ದೊಡ್ಡ ಬಾವಿಗೆ ಬೀಳುತ್ತದೆ. ಅಲ್ಲಿಂದ ಪಂಪು ಎತ್ತಿ ಶುದ್ಧೀಕರಣ ಘಟಕಕ್ಕೆ ಕಳಿಸಬೇಕು. ಕರೆಂಟ್ ಹೋಯಿತು, ಜನರೇಟರ್‌ಗೆ ಡೀಸೆಲ್ ಇಲ್ಲ ಅಂದರೆ ಬಾವಿ ತುಂಬಿ ಪಕ್ಕದ ಚರಂಡಿಗೆ ಹರಿಯುತ್ತದೆ. ಚರಂಡಿ ಹೋಗುವುದು ಹೊಳೆಗೆ. ಕರೆಂಟ್ ಇದ್ದರೂ ಜೋರು ಮಳೆಯಲ್ಲಿ ಇದೇ ಪಾಡು. ಮಳೆನೀರು ಯುಜಿಡಿಗೆ ಸೇರಬಾರದು ಅಂತ ನಿಯಮ. ನಮ್ಮ ಜನ ತಾರಸಿ ಪೈಪನ್ನು ಸೀದಾ ಚೇಂಬರ್‌ಗೇ ಬಿಟ್ಟಿರುತ್ತಾರೆ. ನಮ್ಮ ಮನೆಯದೂ ಹಾಗೇ ಇತ್ತು, ಸರಿ ಮಾಡಿಸಿದ್ದು ಆಮೇಲೆ. ಹತ್ತು ಬೀದಿಯ ತಾರಸಿ ನೀರು ಒಟ್ಟಿಗೆ ನುಗ್ಗಿದರೆ ಮ್ಯಾನ್‌ಹೋಲ್ ಮುಚ್ಚಳ ಎಗರುವುದು ಆಶ್ಚರ್ಯವೇ ಅಲ್ಲ.

ಸಂಬಂಧಪಟ್ಟ ಕಚೇರಿಗೆ ಹೋಗಿ, "ನೀರು ಹೊಳೆಗೆ ಹೋದಾಗ ಜನಕ್ಕೆ ತಿಳಿಸಿ" ಅಂತ ಅರ್ಜಿ ಕೊಟ್ಟೆ. "ಹೊಳೆಗೆ ಹೋಗೋದೇ ಇಲ್ಲವಲ್ಲ ಸಾರ್, ಏನಂತ ತಿಳಿಸೋದು?" ಎಂದರು. ಹೊರಗೆ ಬಂದು ಟೀ ಕುಡಿದೆ.

ಕೆಲಸಕ್ಕೆ ಬಂದದ್ದು ಒಬ್ಬ ಪಂಪ್ ಆಪರೇಟರ್. ಹೆಸರು ಬೇಡ. ಗೇಟಿನ ಹತ್ತಿರ ನಾಲ್ಕು ದಿನ ಬೀಡಿ, ಮಳೆ, ಕ್ರಿಕೆಟ್ ಮಾತಾಡಿದ ಮೇಲೆ ಅವನೇ, "ಮೆಸೇಜ್ ಗಿಸೇಜ್ ಮಾಡಲ್ಲ ಸಾರ್. ಬಾವಿ ಉಕ್ಕಿದ್ರೆ ಒಂದು ಮಿಸ್ಡ್ ಕಾಲ್ ಕೊಡ್ತೀನಿ" ಎಂದ. ಇಷ್ಟು ವರ್ಷದಲ್ಲಿ ನಾನು ಕಂಡ ಅತಿ ಒಳ್ಳೆಯ ಸೆನ್ಸರ್ ಅದೇ.

ಕಾಲ್ ಬಂದ ಮೇಲೆ ನನಗೆ ಎಷ್ಟು ಹೊತ್ತು ಸಿಗುತ್ತದೆ? ಮೊದಲು ಥರ್ಮೋಕೋಲ್ ತುಂಡು ಬಿಟ್ಟು ನೋಡಿದೆ, ಗಾಳಿ ಅದನ್ನು ಆಚೆ ದಡಕ್ಕೆ ತಳ್ಳಿತು. ಸಿಪ್ಪೆ ಸುಲಿಯದ ಒಣ ತೆಂಗಿನಕಾಯಿ ಸರಿಹೋಯಿತು. ಅರ್ಧ ನೀರೊಳಗೇ ಇರುತ್ತದೆ, ಗಾಳಿಗೆ ಬಗ್ಗುವುದಿಲ್ಲ. ಚರಂಡಿ ಬಾಯಲ್ಲಿ ಕಾಯಿ ಬಿಟ್ಟು, ಪಕ್ಕದ ಮನೆ ಹುಡುಗನನ್ನು ದಂಡೆಯಲ್ಲಿ ಓಡಿಸಿದೆ. ಏಪ್ರಿಲ್‌ನಲ್ಲಿ ಕಾಯಿ ಮೆಟ್ಟಿಲಿಗೆ ಬರಲು ಒಂದು ಗಂಟೆಗೂ ಜಾಸ್ತಿ ಹಿಡಿಯಿತು. ಜುಲೈಯಲ್ಲಿ, ಗಾಜನೂರು ಅಣೆಕಟ್ಟೆಯಿಂದ ನೀರು ಬಿಟ್ಟಿದ್ದಾಗ, ಕಾಲು ಗಂಟೆ. ಹುಡುಗ ಸೋತ, ಕಾಯಿ ಗೆದ್ದಿತು.

ಇನ್ನೊಂದು ಗಮನಿಸಿದೆ. ಕಾಯಿ ನಡುಹೊಳೆಗೆ ಹೋಗಲೇ ಇಲ್ಲ, ದಂಡೆ ಹಿಡಿದುಕೊಂಡೇ ಬಂತು. ಚರಂಡಿ ನೀರೂ ಹಾಗೇ, ಸೇರಿದ ದಡವನ್ನು ಬಹಳ ದೂರ ಬಿಡುವುದಿಲ್ಲ. ನಡುಹೊಳೆ ತಿಳಿಯಾಗಿ ಕಂಡರೂ ಜನ ಮುಳುಗುವ, ಬಟ್ಟೆ ಒಗೆಯುವ, ದನ ತೊಳೆಯುವ ಅಂಚಿನಲ್ಲೇ ಕೊಳೆ ಜಾಸ್ತಿ.

ಈಗ ತಿಳಿಸುವುದು ಹೇಗೆ? 'ನೀರು ಕಲುಷಿತಗೊಂಡಿದೆ' ಅಂತ ಬೋರ್ಡ್ ಬರೆಸಿದೆ. ಎರಡು ವಾರಕ್ಕೆ ಅದರ ಮೇಲೆ ಟವೆಲ್ ಒಣಗುತ್ತಿತ್ತು. ಸದಾ ಇರುವ ಬೋರ್ಡನ್ನು ಯಾರು ಓದುತ್ತಾರೆ? ವಾಟ್ಸಾಪ್ ಗುಂಪಿನಲ್ಲಿದ್ದವರು ಹೊಳೆಗೆ ಇಳಿಯುವವರೇ ಅಲ್ಲ, ಇಳಿಯುವವರ ಹತ್ತಿರ ವಾಟ್ಸಾಪ್ ಇಲ್ಲ. ಕೊನೆಗೆ ಮೆಟ್ಟಿಲ ತಲೆಯಲ್ಲಿ ಒಂದು ಬಿದಿರು ನೆಟ್ಟೆ. ಕಾಲ್ ಬಂದ ಕೂಡಲೇ ಕೆಂಪು ಬಟ್ಟೆ ಕಟ್ಟುವುದು. ಬಟ್ಟೆ ಇದ್ದರೆ ಇಳಿಯಬಾರದು, ಅಷ್ಟೇ. ಬಟ್ಟೆ ಒಗೆಯಲು ಬರುವ ಹೆಂಗಸರಿಗೆ, ಭಾನುವಾರ ಈಜುವ ಹುಡುಗರಿಗೆ, ದೇವಸ್ಥಾನದ ಭಟ್ಟರಿಗೆ ಬಾಯಲ್ಲೇ ಹೇಳಿದೆ. ಭಟ್ಟರು ಬೆಳಗಿನ ಮೈಕಿನಲ್ಲಿ ಒಂದು ಮಾತು ಸೇರಿಸುತ್ತಾರೆ. ಕೆಳಗಿನ ಮೂರು ಹಳ್ಳಿಯ ನೀರುಗಂಟಿಗಳಿಗೆ ಫೋನ್ ಮಾಡುತ್ತೇನೆ: "ಕೊಳಚೆ ಬರ್ತಾ ಇದೆ, ನಾಲ್ಕೂ ಹತ್ತಕ್ಕೆ ಶುರುವಾಗಿದೆ, ಹೊಳೆ ಮೋಟಾರ್ ಹಾಕ್ಬೇಡಿ." ಕೋಲಿಫಾರ್ಮ್ ಶಬ್ದ ಎತ್ತುವುದೇ ಇಲ್ಲ.

ಅಕ್ಕನ ಮಗ ಲಂಡನ್‌ನಲ್ಲಿದ್ದಾನೆ. ಅಲ್ಲಿಯೂ ಜೋರು ಮಳೆ ಬಂದರೆ ಕೊಳಚೆಯನ್ನು ಥೇಮ್ಸ್ ನದಿಗೇ ಬಿಡುತ್ತಾರಂತೆ. ಆದರೆ ಯಾವ ಕೊಳವೆಯಿಂದ ಈಗ ಹರಿಯುತ್ತಿದೆ ಅಂತ ತೋರಿಸುವ ನಕ್ಷೆ 2023ರ ಜನವರಿಯಿಂದ ಫೋನಿನಲ್ಲೇ ಸಿಗುತ್ತದೆ. 2024ರಲ್ಲಿ ಆಕ್ಸ್‌ಫರ್ಡ್–ಕೇಂಬ್ರಿಡ್ಜ್ ದೋಣಿ ಪಂದ್ಯದ ಹುಡುಗರಿಗೆ ನೀರಿಗೆ ಇಳಿಯಬೇಡಿ ಅಂತ ಎಚ್ಚರಿಕೆ ಕೊಟ್ಟಿದ್ದರು. ನಮ್ಮಲ್ಲಿ 2018ರಲ್ಲೇ ರಾಜ್ಯದ 17 ನದಿ ಭಾಗಗಳನ್ನು ಕೊಳೆಯಾದವು ಅಂತ ಕೇಂದ್ರ ಮಂಡಳಿ ಪಟ್ಟಿ ಮಾಡಿತು. ಆ ಪಟ್ಟಿ ಮೆಟ್ಟಿಲಿನವರೆಗೆ ಬರಲಿಲ್ಲ.

ಬಟ್ಟೆ ಕಟ್ಟುವುದು ಸುಲಭ, ಬಿಚ್ಚುವುದೇ ತಲೆನೋವು. ಉಕ್ಕುವುದು ನಿಂತ ಮೇಲೂ ಎರಡು ದಿನ ಬಿಟ್ಟು, ಬಾಟಲಿ ಬೆಳ್ಳಗಿದ್ದರೆ ಬಿಚ್ಚೋಣ ಅಂದುಕೊಂಡಿದ್ದೆ. ಬೇಸಿಗೆಯಲ್ಲಿ ಹೊಳೆ ಸಣ್ಣದಾದಾಗ ಬಾಟಲಿ ದಿನಾ ಕಪ್ಪೇ, ಉಕ್ಕಿದರೂ ಉಕ್ಕದಿದ್ದರೂ. ಮೊದಲ ವರ್ಷ ಇಪ್ಪತ್ತು ದಿನ ಬಟ್ಟೆ ಬಿಚ್ಚಲೇ ಇಲ್ಲ. ಇಪ್ಪತ್ತೊಂದನೇ ದಿನ ಯಾರೋ ಅದರಲ್ಲಿ ಸ್ಕೂಟರ್ ಒರೆಸುತ್ತಿದ್ದರು. ಈಗ ಬಾಟಲಿಯನ್ನು ಕೇಳುವುದಿಲ್ಲ. ಉಕ್ಕಿದರೆ ಮಾತ್ರ ಬಟ್ಟೆ, ನಿಂತು ಎರಡು ದಿನಕ್ಕೆ ಬಿಚ್ಚುತ್ತೇನೆ. ಬೇಸಿಗೆಯಲ್ಲಿ ಬಟ್ಟೆ ಇಲ್ಲದಿದ್ದರೂ ನೀರು ಬಾಯಿಗೆ ಹಾಕಬೇಡಿ ಅಂತ ಬಾಯಲ್ಲಿ ಹೇಳುತ್ತೇನೆ. ಇದು ಸರಿಯಾ ಅಂತ ಕೇಳಿದರೆ, ಪೂರ್ತಿ ಸರಿ ಅಲ್ಲ. ಆದರೆ ಈಗ ಬಟ್ಟೆ ಕಂಡರೆ ಜನ ನಿಲ್ಲುತ್ತಾರೆ.

ಹೋದ ಮಳೆಗಾಲ ಒಂದು ಅಮಾವಾಸ್ಯೆ ದಿನ ಬಟ್ಟೆ ಕಟ್ಟಿ ಕಾಯುತ್ತಿದ್ದೆ. ಅಜ್ಜಿ ಬಂದರು. ಬಿದಿರು ನೋಡಿದರು, ನನ್ನನ್ನು ನೋಡಿದರು, ಮೇಲಿನ ಮೆಟ್ಟಿಲಲ್ಲೇ ಕೂತರು. ಚೀಲದಿಂದ ತಂಬಿಗೆ ತೆಗೆದು ಒಂದಿಷ್ಟು ನೀರು ತಲೆಗೆ ಚಿಮುಕಿಸಿಕೊಂಡರು, ಉಳಿದದ್ದನ್ನು ಎತ್ತಿ ಕುಡಿದರು.

ನಾನು ಗಾಬರಿಯಿಂದ ಎದ್ದದ್ದು ಕಂಡು ನಕ್ಕರು. "ಮನೆ ನಲ್ಲೀದು ಕಣೋ. ಅದೂ ತುಂಗೆಯದೇ ಅಲ್ವಾ?"